ನಾಲಾಪಾನಿ, 1814: ಪೂರ್ತಿ ಕಟ್ಟಿ ಮುಗಿಯದ ಕೋಟೆ ಒಂದು ತಿಂಗಳು ನಿಂತದ್ದು ಹೇಗೆ?

ದಾರಿಹೋಕ (ಪ್ರಶ್ನೆ):

ಕಳೆದ ಚಳಿಗಾಲದಲ್ಲಿ ಡೆಹ್ರಾಡೂನಿಗೆ ಹೋಗಿದ್ದಾಗ ಸಹಸ್ರಧಾರಾ ರಸ್ತೆಯ ಬದಿಯಲ್ಲಿ ಅಕ್ಕಪಕ್ಕ ನಿಂತ ಎರಡು ಸ್ಮಾರಕ ಸ್ತಂಭಗಳನ್ನು ನೋಡಿದೆ. ಎತ್ತರದಲ್ಲಾಗಲಿ ಅಲಂಕಾರದಲ್ಲಾಗಲಿ ಕಣ್ಣು ಸೆಳೆಯುವಂಥವಲ್ಲ. ವಾಹನದ ಕಿಟಕಿಯಿಂದ ನೋಡಿದವರು ಯಾರದೋ ಸಮಾಧಿ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಇಳಿದು ಹತ್ತಿರ ಹೋದ ಮೇಲೆ ತಿಳಿಯಿತು, ಒಂದು ಸ್ತಂಭ 1814ರಲ್ಲಿ ಅಲ್ಲಿಗೆ ಸಮೀಪದ ನಾಲಾಪಾನಿ ಕೋಟೆಯ ಮುತ್ತಿಗೆಯಲ್ಲಿ ಸತ್ತ ಜನರಲ್ ಗಿಲೆಸ್ಪಿ ಮತ್ತು ಅವನ ಕಡೆಯವರದ್ದು, ಇನ್ನೊಂದು ಅದೇ ಕೋಟೆಯನ್ನು ಕಾದ ಗೋರ್ಖಾ ಸೇನಾನಿ ಬಲಭದ್ರ ಮತ್ತು ಅವನ ಸೈನಿಕರದ್ದು. ಎರಡನ್ನೂ ಇಂಗ್ಲಿಷರೇ ನಿಲ್ಲಿಸಿದ್ದಾರೆ.

ಊರಿಗೆ ಬಂದ ಮೇಲೆ ಸಿಕ್ಕಷ್ಟು ಓದಿದೆ. ಕೋಟೆಯೊಳಗೆ ಹೆಂಗಸರು ಮಕ್ಕಳೂ ಸೇರಿ ಸುಮಾರು 600 ಜನರಿದ್ದರು. ಹೊರಗೆ 3,500ರಷ್ಟು ಸೈನಿಕರು, ಜೊತೆಗೆ ಫಿರಂಗಿಗಳು. ಗೋಡೆಗಳ ಕೆಲಸವೂ ಮುಗಿದಿರಲಿಲ್ಲವಂತೆ. ಆದರೂ ಅಕ್ಟೋಬರ್ 31ರಿಂದ ನವೆಂಬರ್ 30ರವರೆಗೆ ಕೋಟೆ ಬೀಳಲಿಲ್ಲ. ನನ್ನ ಪ್ರಶ್ನೆಗಳು ಎರಡು. ಈ ಬಲಾಬಲದಲ್ಲಿ ಇಷ್ಟು ದಿನ ತಡೆದು ನಿಲ್ಲುವುದು ಹೇಗೆ ಸಾಧ್ಯವಾಯಿತು? ಮತ್ತು, ಗೆದ್ದವರು ಸೋತವರಿಗೆ ತಮ್ಮವರ ಸ್ತಂಭದ ಪಕ್ಕದಲ್ಲೇ ಸ್ತಂಭ ನಿಲ್ಲಿಸಿದ್ದು ಏಕೆ? ‘ಗೋರ್ಖಾಗಳ ಶೌರ್ಯ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವ ಬರಹಗಳನ್ನು ಸಾಕಷ್ಟು ಓದಿದ್ದೇನೆ. ಅದರಾಚೆಗೆ ತಿಳಿದವರು ದಯವಿಟ್ಟು ಬರೆಯಬೇಕು.

ಕೊತ್ತಲ (ಉತ್ತರ):

ನಮಸ್ಕಾರ. ಶೌರ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ತಾವು ಕೇಳಿದ ‘ಹೇಗೆ’ ಎಂಬುದಕ್ಕೆ ಉತ್ತರದ ಅರ್ಧಭಾಗ ಕೋಟೆಯ ಹೊರಗಿದೆ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಡೆಹ್ರಾಡೂನ್ ಆಗ ಗೋರ್ಖಾ ರಾಜ್ಯದ (ಅಂದರೆ ನೇಪಾಳದ) ಪಶ್ಚಿಮ ಭಾಗದ ಗಡಿಪ್ರದೇಶ. ಗಡ್ವಾಲದ ರಾಜ ಪ್ರದ್ಯುಮ್ನ ಶಾಹ 1804ರಲ್ಲಿ ಅಲ್ಲಿನ ಖುರ್ಬುಡಾದಲ್ಲಿ ಹೋರಾಡಿ ಸತ್ತ ಮೇಲೆ ಅದು ಗೋರ್ಖಾಗಳ ಕೈಸೇರಿ ಇನ್ನೂ ಹತ್ತು ವರ್ಷವಾಗಿತ್ತು. ಪೂರ್ವದಲ್ಲಿ ಬುಟ್ವಲ್ ಸುತ್ತಿನ ತರಾಯಿ (ಬೆಟ್ಟಗಳ ಬುಡದ ಬಯಲು) ಹಳ್ಳಿಗಳ ಒಡೆತನದ ಬಗ್ಗೆ ಈಸ್ಟ್ ಇಂಡಿಯಾ ಕಂಪನಿಗೂ ಗೋರ್ಖಾಗಳಿಗೂ ನಡುವಿನ ವ್ಯಾಜ್ಯ ಬೆಳೆದು, 1814ರಲ್ಲಿ ಗವರ್ನರ್ ಜನರಲ್ ಲಾರ್ಡ್ ಮೊಯಿರಾ ನಾಲ್ಕು ಕಡೆಯಿಂದ ನಾಲ್ಕು ದಂಡುಗಳನ್ನು ಹೊರಡಿಸಿದ. ಅವುಗಳಲ್ಲಿ ಡೆಹ್ರಾಡೂನಿನತ್ತ ಬಂದ ದಂಡು ಗಿಲೆಸ್ಪಿಯದು.

ಕೋಟೆ ಇದ್ದದ್ದು ಊರಿಗೆ ಈಶಾನ್ಯದಲ್ಲಿ, ಸಾಲ ಮರಗಳ ದಟ್ಟ ಕಾಡಿನ ಒಂದು ಗುಡ್ಡದ ನೆತ್ತಿಯ ಮೇಲೆ. ಗುಡ್ಡದ ಆಕಾರಕ್ಕೆ ತಕ್ಕಂತೆ ಅಂಕುಡೊಂಕಾಗಿ ಸುತ್ತಿದ ಕಲ್ಲಿನ ಗೋಡೆ ಕೆಲವೆಡೆ ಎತ್ತರವಾಗಿತ್ತು, ಕೆಲವೆಡೆ ಏಣಿಯಿಟ್ಟು ಸುಲಭವಾಗಿ ಹತ್ತುವಷ್ಟು ತಗ್ಗಾಗಿತ್ತು. ಕಂಪನಿಯ ಮುಂಗಡ ತುಕಡಿ ಕರ್ನಲ್ ಮಾಬಿಯ ಕೈಕೆಳಗೆ ಅಕ್ಟೋಬರ್ 24ರ ಸುಮಾರಿಗೆ ಡೆಹ್ರಾ ತಲುಪಿತು. ಅಂದು ರಾತ್ರಿ ಮಾಬಿ, ಕೋಟೆಯನ್ನು ಒಪ್ಪಿಸುವಂತೆ ಬಲಭದ್ರನಿಗೆ ಪತ್ರ ಕಳಿಸಿದ. ಪತ್ರ ಮುಟ್ಟಿದ್ದು ನಡುರಾತ್ರಿಯಲ್ಲಿ. ಇಂಥ ಹೊತ್ತಲ್ಲದ ಹೊತ್ತಿನಲ್ಲಿ ಪತ್ರ ತೆಗೆದುಕೊಳ್ಳುವ ವಾಡಿಕೆ ತನಗಿಲ್ಲವೆಂದು ಬಲಭದ್ರ ಅದನ್ನು ಹರಿದು ಹಾಕಿ, ಇಂಗ್ಲಿಷ್ ಸರದಾರನಿಗೆ ಸಲಾಮು ಹೇಳಿ, ಬೇಗನೆ ತಾನೇ ಅವನ ಪಾಳೆಯಕ್ಕೆ ಭೇಟಿ ಕೊಡುವುದಾಗಿ ಹೇಳಿ ಕಳುಹಿಸಿದ. ಮರುದಿನ ಮಾಬಿ ಕೋಟೆಯನ್ನು ನೋಡಿ, ತನ್ನಲ್ಲಿರುವ ಬಲಕ್ಕೆ ಇದು ಆಗದ ಕೆಲಸವೆಂದು ಹಿಂದಿರುಗಿ, ಗಿಲೆಸ್ಪಿ ಬರುವುದನ್ನು ಕಾದ. ಈ ಕೆಲವು ದಿನಗಳ ಬಿಡುವನ್ನು ಒಳಗಿದ್ದವರು ವ್ಯರ್ಥ ಮಾಡಲಿಲ್ಲ. ತಗ್ಗಿದ್ದ ಗೋಡೆಗಳನ್ನು ಏರಿಸಿದರು, ದುರ್ಬಲ ಜಾಗಗಳಿಗೆ ಮರದ ದಿಮ್ಮಿಗಳ ತಡೆ ನಿಲ್ಲಿಸಿದರು.

ಈಗ ಗಿಲೆಸ್ಪಿಯ ವಿಷಯ. ನಮ್ಮ ಕಡೆಯ ಓದುಗರಿಗೆ ಈ ಹೆಸರು ಹೊಸದಲ್ಲ. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ, ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ಅದೇ ಕೋಟೆಯಲ್ಲಿ, ಸಿಪಾಯಿಗಳು ದಂಗೆಯೆದ್ದಾಗ ಆರ್ಕಾಟಿನಿಂದ ಕುದುರೆ ಓಡಿಸಿಕೊಂಡು ಬಂದು, ಗೋಡೆಯ ಮೇಲಿದ್ದ ಇಂಗ್ಲಿಷ್ ಸೈನಿಕರು ಇಳಿಬಿಟ್ಟ ಹಗ್ಗ ಹಿಡಿದು ಮೇಲೇರಿ, ಹಿಂದಿನಿಂದ ಬಂದ ತೋಪುಗಳಿಂದ ಬಾಗಿಲು ಒಡೆಸಿ, ನೂರಾರು ಸಿಪಾಯಿಗಳನ್ನು ಕೊಲ್ಲಿಸಿ ದಂಗೆ ಅಡಗಿಸಿದವನು ಇವನೇ. ಜಾವಾದಲ್ಲೂ 1811ರಲ್ಲಿ ಇಂಥದ್ದೇ ನುಗ್ಗುವಿಕೆಯಿಂದ ಹೆಸರು ಮಾಡಿದ್ದ. ವೇಗವಾಗಿ ಹೋಗಿ, ಮುಂದೆ ತಾನೇ ನಿಂತು, ಬಾಗಿಲು ಒಡೆದು ನುಗ್ಗಿದರೆ ಕೋಟೆ ಬೀಳುತ್ತದೆ ಎಂಬ ಪಾಠವನ್ನು ಅವನು ವೆಲ್ಲೂರಿನಲ್ಲಿ ಕಲಿತಿದ್ದ. ನಾಲಾಪಾನಿಯಲ್ಲಿ ಆ ಪಾಠವೇ ಅವನನ್ನು ಕೊಂದಿತು.

ಅಕ್ಟೋಬರ್ 31ರ ಯೋಜನೆಯಂತೆ ನಾಲ್ಕು ತುಕಡಿಗಳು ನಾಲ್ಕು ದಿಕ್ಕಿನಿಂದ ಒಂದೇ ಸಲ ಲಗ್ಗೆ ಹತ್ತಬೇಕಾಗಿತ್ತು. ತೋಪಿನ ಸದ್ದೇ ಸೂಚನೆ. ಗಿಲೆಸ್ಪಿ ನಿಗದಿಯಾದ ಹೊತ್ತಿಗಿಂತ ಮೊದಲೇ ಸೂಚನೆ ಕೊಡಿಸಿದ. ಕಾಡು ಕಣಿವೆಗಳನ್ನು ಬಳಸಿಕೊಂಡು ಹೋಗಿದ್ದ ಮೂರು ತುಕಡಿಗಳಿಗೆ ಅದು ಮುಟ್ಟಲೇ ಇಲ್ಲ. ಹೀಗಾಗಿ ನಾಲ್ಕು ದಿಕ್ಕಿಗೆ ಹಂಚಿ ಹೋಗಬೇಕಾಗಿದ್ದ ಒಳಗಿನವರ ಗಮನ ಒಂದೇ ದಿಕ್ಕಿಗೆ ಒಟ್ಟಾಯಿತು. ಗೋಡೆಯ ಪಕ್ಕದ ದಿಡ್ಡಿ ಬಾಗಿಲನ್ನು ತೆರೆದೇ ಇಟ್ಟು, ಅಡ್ಡ ಮರಗಳ ಹಿಂದೆ, ಗೋಡೆಯ ಬುಡವನ್ನೆಲ್ಲ ಗುಡಿಸಿಹಾಕುವಂತೆ ಒಂದು ತೋಪನ್ನು ಹೂಡಿದ್ದರು. ಏಣಿ ಹೊತ್ತು ಬಂದವರು ಅದರ ಬಾಯಿಗೇ ಬಿದ್ದರು. ಮೊದಲ ನುಗ್ಗುವಿಕೆ ಹಿಮ್ಮೆಟ್ಟಿದ ಮೇಲೆ ಗಿಲೆಸ್ಪಿ ತಾನೇ ಟೋಪಿ ಬೀಸುತ್ತ, ಕುದುರೆಯಿಂದಿಳಿದ ತನ್ನ ಹಳೆಯ ರೆಜಿಮೆಂಟಿನ ಸವಾರರನ್ನು ಕರೆದುಕೊಂಡು ಬಾಗಿಲಿನತ್ತ ನಡೆದ. 53ನೇ ಪದಾತಿ ದಳದವರು ಹಿಂದೆ ಬರಲು ಹಿಂಜರಿದರು. ಬಾಗಿಲು ಇನ್ನು ಕೆಲವೇ ಮಾರು ದೂರ ಇದ್ದಾಗ ಗುಂಡು ತಗುಲಿ ಅವನು ಅಲ್ಲೇ ಸತ್ತ. ಸಾವಿನ ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟುವ ಮೊದಲು, 1815ರ ಜನವರಿಯಲ್ಲಿ, ಅವನಿಗೆ ನೈಟ್ ಪದವಿ ಘೋಷಿತವಾಯಿತು ಎಂಬುದು ಆ ಕಾಲದ ಅಂಚೆಯ ವೇಗಕ್ಕೆ ಒಂದು ನಿದರ್ಶನ.

ಇನ್ನೊಂದು ಮಾತು. ‘ಒಂದು ತಿಂಗಳು’ ಎಂದು ಕೇಳಿದಾಗ ಹಗಲಿರುಳು ಗುಂಡಿನ ಮಳೆಯ ಚಿತ್ರ ಕಣ್ಣಿಗೆ ಬರುತ್ತದೆ. ಹಾಗಿರಲಿಲ್ಲ. ಮೊದಲ ಲಗ್ಗೆ ಸೋತ ಮೇಲೆ ಅಧಿಕಾರ ವಹಿಸಿಕೊಂಡ ಮಾಬಿ, ಗೋಡೆ ಒಡೆಯುವ ದೊಡ್ಡ ತೋಪುಗಳನ್ನು ದೆಹಲಿಯಿಂದ ತರಿಸಲು ಹೇಳಿ, ನವೆಂಬರ್ 24ರವರೆಗೆ ಕಾಯುತ್ತ ಕುಳಿತ. ಬಲಭದ್ರನಿಗೆ ಗೋಡೆ ಕಟ್ಟಲು ಇನ್ನೂ ಮೂರು ವಾರ ಸಿಕ್ಕಿತು.

ದಾರಿಹೋಕ:

ತುಂಬ ಕೃತಜ್ಞತೆಗಳು. ವೆಲ್ಲೂರಿನ ಗಿಲೆಸ್ಪಿಯೇ ಈ ಗಿಲೆಸ್ಪಿ ಎಂಬುದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ದೊಡ್ಡ ತೋಪುಗಳು ಬಂದ ಮೇಲೆ ಗೋಡೆ ಒಡೆದು ಕೋಟೆ ಬಿತ್ತು ಎಂದು ತಿಳಿಯಬಹುದೇ?

ಒರತೆ (ಉತ್ತರ):

ಹಾಗೆ ತಿಳಿಯಬಾರದು, ಮತ್ತು ಈ ಮುತ್ತಿಗೆಯ ತಿರುಳು ಇರುವುದೇ ಅಲ್ಲಿ. ದೆಹಲಿಯಿಂದ ಬಂದ, 18 ಪೌಂಡಿನ ಗುಂಡು ಹಾರಿಸುವ ತೋಪುಗಳು ನವೆಂಬರ್ 27ರ ಹೊತ್ತಿಗೆ ಗೋಡೆಯಲ್ಲಿ ಆಳು ನುಗ್ಗುವಷ್ಟು ಕಂಡಿ ಕೊರೆದವು. ಅಂದೇ ಎರಡನೆಯ ಲಗ್ಗೆ ನಡೆಯಿತು. ಕಂಡಿಯವರೆಗೆ ಹತ್ತಿದವರಿಗೆ ಒಳಗಡೆ ನೆಲ ಥಟ್ಟನೆ ಕೆಳಗಿಳಿದದ್ದು ಕಂಡಿತು. ಕೆಳಗೆ ಭರ್ಜಿ, ಬಂದೂಕುಗಳನ್ನು ಹಿಡಿದ ಸಾಲು ಕಾದು ನಿಂತಿತ್ತು. ಧುಮುಕಿದವನು ಉಳಿಯುವಂತಿರಲಿಲ್ಲ, ಧುಮುಕದೆ ಅಂಚಿನಲ್ಲಿ ನಿಂತವನು ಗುರಿಯಾಗುತ್ತಿದ್ದ. ಗುಂಡು, ಬಾಣ, ಕಲ್ಲು, ಕೈಗೆ ಸಿಕ್ಕಿದ್ದೆಲ್ಲವೂ ಮೇಲಿನಿಂದ ಬಿದ್ದವು. ಹೆಂಗಸರು ಮರೆಯಿಲ್ಲದೆ ಗೋಡೆಯ ಮೇಲೆ ನಿಂತು ಕಲ್ಲೆಸೆಯುತ್ತಿದ್ದರೆಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಸುಮಾರು ಎರಡು ಗಂಟೆಗಳ ಬಳಿಕ ಲಗ್ಗೆ ಹತ್ತಿದವರು ಹಿಂದಿರುಗಿದರು. ಅಂದರೆ, ಗೋಡೆ ಒಡೆದ ಮೇಲೂ ಕೋಟೆ ಬೀಳಲಿಲ್ಲ.

ಅದನ್ನು ಬೀಳಿಸಿದ್ದು ನೀರು. ಕೋಟೆಯೊಳಗೆ ಬಾವಿಯಿರಲಿಲ್ಲ, ಕೊಳವಿರಲಿಲ್ಲ. ಕುಡಿಯುವ ನೀರಿನ ಸೆಲೆ ಗೋಡೆಯ ಹೊರಗೆ, ಇಳಿಜಾರಿನಲ್ಲಿತ್ತು. ಸ್ಥಳದ ಹೆಸರಿನಲ್ಲೇ ‘ಪಾನಿ’ ಇರುವ ಕೋಟೆಯ ಪಾಡು ಇದು. ಎರಡು ಲಗ್ಗೆಗಳಲ್ಲಿ ನೂರಾರು ಜನರನ್ನು ಕಳೆದುಕೊಂಡ ಮೇಲೆ ಮಾಬಿ, ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸವನ್ನು ಮಾಡಿದ: ಸೆಲೆಯನ್ನು ಹುಡುಕಿಸಿ ಅದರ ದಾರಿ ಕಟ್ಟಿಸಿದ, ಮತ್ತು ಮೂರು ದಿನ ಬಿಡದೆ ಕೋಟೆಯೊಳಕ್ಕೆ ಗುಂಡುಗಳನ್ನು ಸುರಿಸಿದ. ಒಳಗೆ ಗುಂಡಿನಿಂದ ಮರೆಯಾಗಿ ಕೂರಲು ಛಾವಣಿಯುಳ್ಳ ಜಾಗವಿರಲಿಲ್ಲ. ನಮ್ಮ ಚಿತ್ರದುರ್ಗವನ್ನು ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಅಲ್ಲಿ ಒಂದು ಹೊಂಡ ತುಂಬಿ ಹರಿದರೆ ಮುಂದಿನ ಹೊಂಡಕ್ಕೆ ಸೇರುವಂತೆ ಕೋಟೆಯೊಳಗೇ ನೀರನ್ನು ಹಿಡಿದಿಟ್ಟಿದ್ದಾರೆ. ನಾಯಕರು ಕಲ್ಲಿಗಿಂತ ಮೊದಲು ನೀರನ್ನು ಲೆಕ್ಕ ಹಾಕಿದ್ದರು. ನಾಲಾಪಾನಿಯ ಕೋಟೆ ತರಾತುರಿಯಲ್ಲಿ ಎದ್ದದ್ದು. ಗಡಿಯ ಕಾವಲು ಠಾಣೆಗೆ ದೀರ್ಘ ಮುತ್ತಿಗೆ ಬರುವುದೆಂದು ಕಟ್ಟಿಸಿದವರು ಎಣಿಸಿದ್ದಂತೆ ಕಾಣುವುದಿಲ್ಲ.

ಈ ಮುತ್ತಿಗೆಯ ನಡುವಿನ ಒಂದು ಪ್ರಸಂಗವನ್ನು ಹೇಳಲೇಬೇಕು. ತೋಪುಗಳು ಹಾರುತ್ತಿರುವಾಗ ಒಬ್ಬ ಗೋರ್ಖಾ ಸೈನಿಕ ಕೈ ಬೀಸುತ್ತ ಕಂಡಿಯಿಂದ ಹೊರಬಂದ. ಇಂಗ್ಲಿಷರು ಗುಂಡು ನಿಲ್ಲಿಸಿದರು. ಹತ್ತಿರ ಬಂದಾಗ ನೋಡಿದರೆ ಗುಂಡೇಟಿನಿಂದ ಅವನ ಕೆಳದವಡೆ ಪುಡಿಯಾಗಿತ್ತು. ಶತ್ರುವಿನ ಶಸ್ತ್ರವೈದ್ಯನಿಂದ ಚಿಕಿತ್ಸೆ ಪಡೆಯಲು ಬಂದಿದ್ದ. ಅವನಿಗೆ ಚಿಕಿತ್ಸೆ ಕೊಟ್ಟರು. ವಾಸಿಯಾಗಿ ಆಸ್ಪತ್ರೆಯಿಂದ ಬಿಡುವಾಗ ಅವನು ಕೇಳಿಕೊಂಡದ್ದು, ಮತ್ತೆ ಇಂಗ್ಲಿಷರ ವಿರುದ್ಧವೇ ಹೋರಾಡಲು ತನ್ನ ದಳಕ್ಕೆ ಹಿಂತಿರುಗಲು ಅಪ್ಪಣೆ ಬೇಕೆಂದು. ಇದನ್ನು ಶೌರ್ಯದ ಕಥೆಯಾಗಿ ಹೇಳುವುದು ರೂಢಿ. ನನಗೆ ಅದಕ್ಕಿಂತ ಹೆಚ್ಚಾಗಿ ಕಾಣುವುದು, ಗುಂಡು ನಿಲ್ಲುತ್ತದೆ, ವೈದ್ಯ ಮುಟ್ಟುತ್ತಾನೆ ಎಂದು ಅವನಿಗಿದ್ದ ನಂಬಿಕೆ.

ನವೆಂಬರ್ 30ರ ರಾತ್ರಿ ಬಲಭದ್ರ ಉಳಿದ 70ರಷ್ಟು ಜನರೊಂದಿಗೆ ಹೊರಬಿದ್ದು, ಸುತ್ತುವರಿದಿದ್ದ ಸಾಲನ್ನು ಭೇದಿಸಿಕೊಂಡು ಬೆಟ್ಟಗಳಿಗೆ ಹೋದ. ಮುಂದೆ ಜೈಥಕ್ ಕೋಟೆಯಲ್ಲಿ ಗೋರ್ಖಾ ಸೇನಾನಿ ರಣಜೋರ್ ಸಿಂಗ್ ಥಾಪಾನ ಸೈನ್ಯ ಸೇರಿಕೊಂಡ. ಕೋಟೆಯನ್ನು ಹೊಕ್ಕ ಇಂಗ್ಲಿಷರಿಗೆ ಕಂಡದ್ದು ಹೆಣಗಳು, ಕೈಕಾಲು ಕಳೆದುಕೊಂಡವರು, ಮತ್ತು ನೀರು ನೀರೆಂದು ಕೂಗುತ್ತಿದ್ದ ಗಾಯಾಳುಗಳು, ಹೆಂಗಸರು, ಮಕ್ಕಳು. ಕಂಪನಿಯ ಕಡೆ ಸತ್ತವರು, ಗಾಯಗೊಂಡವರು ಒಟ್ಟು 700ಕ್ಕೂ ಮಿಕ್ಕಿದ್ದರು, ಅಂದರೆ ಒಳಗಿದ್ದವರ ಒಟ್ಟು ಸಂಖ್ಯೆಗಿಂತ ಹೆಚ್ಚು. ಆಮೇಲೆ ಕೋಟೆಯನ್ನು ನೆಲಸಮ ಮಾಡಿದರು.

ಶಾಸನದ ಓದುಗ (ಉತ್ತರ):

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಕಟುವಾಗಿ ಕಂಡರೆ ಕ್ಷಮಿಸಬೇಕು. ಕಲ್ಲಿನ ಬರಹವನ್ನು ಓದುವಾಗ ನಾನು ಮೊದಲು ಕೇಳಿಕೊಳ್ಳುವುದು, ಇದನ್ನು ಯಾವಾಗ ಬರೆಸಿದರು ಎಂಬುದನ್ನು. ಬಲಭದ್ರನ ಸ್ತಂಭದ ಬರಹ ಅವನನ್ನು ವೀರ ಎದುರಾಳಿ ಎಂದು ಕರೆದು ಅಷ್ಟಕ್ಕೇ ನಿಲ್ಲುವುದಿಲ್ಲ. ಅವನ ಗೋರ್ಖಾಗಳು ಮುಂದೆ ಪಂಜಾಬಿನ ಸಿಖ್ ರಾಜ ರಣಜಿತ್ ಸಿಂಗನ ಸೇವೆಯಲ್ಲಿದ್ದಾಗ ಆಫ್ಘನ್ ತೋಪುಗಳಿಗೆ ಎದುರಾಗಿ ಸಾಲಿನಲ್ಲಿ ನಿಂತಲ್ಲೇ ಕೊನೆಯವನವರೆಗೂ ಸತ್ತರೆಂದೂ ಹೇಳುತ್ತದೆ. ಬಲಭದ್ರ ಸತ್ತದ್ದು 1823ರ ಮಾರ್ಚಿನಲ್ಲಿ, ನೌಶೇರಾ ಕಾಳಗದಲ್ಲಿ. ಆದ್ದರಿಂದ ನಾವು ಓದುವ ಈ ಬರಹ ಮುತ್ತಿಗೆಯ ಬಿಸಿಯಲ್ಲಿ ಹುಟ್ಟಿದ್ದಲ್ಲ. ಕಡಿಮೆಯೆಂದರೂ ಎಂಟು ವರ್ಷಗಳ ನಂತರದ್ದು.

ಆ ಎಂಟು ವರ್ಷಗಳಲ್ಲಿ ಏನಾಯಿತು ಎಂಬುದು ಮುಖ್ಯ. 1815ರ ಮೇ ತಿಂಗಳಲ್ಲಿ ಗೋರ್ಖಾ ಸೇನಾಪತಿ ಅಮರ್ ಸಿಂಗ್ ಥಾಪಾ ಮಲಾವ್ ಕೋಟೆಯಲ್ಲಿ ಕಂಪನಿಯ ಸೇನಾನಿ ಆಕ್ಟರ್ಲೋನಿಗೆ ಶರಣಾದ. (ಆಕ್ಟರ್ಲೋನಿ ಗಿಲೆಸ್ಪಿಗೆ ತದ್ವಿರುದ್ಧ ಸ್ವಭಾವದವನು, ಬೆಟ್ಟದ ಮೇಲೆ ದಾರಿ ಮಾಡಿಸಿ, ತೋಪು ಎಳೆಸಿ, ಒಂದೊಂದೇ ಠಾಣೆ ಹಿಡಿಯುತ್ತ ಹೋದ. ನಾಲ್ಕು ದಂಡುಗಳ ನಾಯಕರಲ್ಲಿ ಗೆದ್ದದ್ದು ಅವನೊಬ್ಬನೇ ಎಂದರೂ ತಪ್ಪಿಲ್ಲ.) ಅದೇ ವರ್ಷ ಕಂಪನಿ ಗೋರ್ಖಾಗಳನ್ನೇ ಸೇರಿಸಿಕೊಂಡು ಹೊಸ ಪಡೆಗಳನ್ನು ಕಟ್ಟಿತು. ಅವುಗಳಲ್ಲೊಂದಾದ ಸಿರ್ಮೂರ್ ಬೆಟಾಲಿಯನ್ನನ್ನು ಕಟ್ಟಿದ ಫ್ರೆಡರಿಕ್ ಯಂಗ್ ನಾಲಾಪಾನಿಯಲ್ಲಿ ಗಿಲೆಸ್ಪಿಯ ಜೊತೆಗಿದ್ದ ಅಧಿಕಾರಿ. ಆ ಬೆಟಾಲಿಯನ್ ನೆಲೆಸಿದ್ದು ಬೇರೆಲ್ಲೂ ಅಲ್ಲ, ಡೆಹ್ರಾದಲ್ಲೇ. 1816ರ ಮಾರ್ಚಿನಲ್ಲಿ ಸುಗೌಲಿ ಒಪ್ಪಂದ ಅಂತಿಮವಾಗಿ ಕುಮಾವೂಂ, ಗಡ್ವಾಲ್ ಪ್ರದೇಶಗಳು ಗೋರ್ಖಾಗಳ ಕೈಬಿಟ್ಟವು. ಇತ್ತ ರಣಜಿತ್ ಸಿಂಗನೂ ಗೋರ್ಖಾಗಳನ್ನು ಸೇರಿಸಿಕೊಳ್ಳುತ್ತಿದ್ದ. ಪರದೇಶದ ಸೈನ್ಯಕ್ಕೆ ಸೇರಿದವನನ್ನು ನೇಪಾಳಿಯಲ್ಲಿ ಇಂದಿಗೂ ‘ಲಾಹುರೆ’ ಎನ್ನುವುದು ಲಾಹೋರಿಗೆ ಹೋದವನು ಎಂಬ ಅರ್ಥದಿಂದ ಬಂದದ್ದು.

ಹೀಗೆ ಆ ಸ್ತಂಭ ಎದ್ದು ನಿಂತಾಗ ಅದನ್ನು ದಿನವೂ ನೋಡುತ್ತಿದ್ದವರಲ್ಲಿ ಕಂಪನಿಯ ಸಂಬಳ ಪಡೆಯುವ ಗೋರ್ಖಾಗಳೂ ಇದ್ದರು. ನಿನ್ನೆಯ ವೈರಿಯನ್ನು ಹೊಗಳಿದ ಕಲ್ಲು ಇಂದಿನ ಸಿಪಾಯಿಯನ್ನು ಹೊಗಳಿದ ಕಲ್ಲೂ ಆಗುತ್ತದೆ. ಇದಲ್ಲದೆ ಇನ್ನೊಂದು ಲಾಭವಿದೆ: ಎದುರಾಳಿ ಅಸಾಮಾನ್ಯ ವೀರನೆಂದು ಕೆತ್ತಿಸಿದ ಮೇಲೆ, ಸೂಚನೆ ಮುಟ್ಟದ ಮೂರು ತುಕಡಿಗಳ ಬಗ್ಗೆ, ಹಿಂಜರಿದ ದಳದ ಬಗ್ಗೆ, ಸುಮಾರು ನಾಲ್ಕು ವಾರ ಯಾರೂ ಕಟ್ಟದೆ ಬಿಟ್ಟ ನೀರಿನ ಸೆಲೆಯ ಬಗ್ಗೆ ಕೇಳುವವರು ಕಡಿಮೆಯಾಗುತ್ತಾರೆ. ಇದೇ ಕಂಪನಿ ಹತ್ತು ವರ್ಷಗಳ ಬಳಿಕ, 1824ರ ಅಕ್ಟೋಬರಿನಲ್ಲಿ, ಕಿತ್ತೂರಿನ ಕೋಟೆಯೆದುರು ಥ್ಯಾಕರೆಯನ್ನು ಕಳೆದುಕೊಂಡಿತಲ್ಲ; ಅಲ್ಲಿ ಕಾದಾಡಿದವರನ್ನು ಹೊಗಳಿ ಅದು ಕಲ್ಲು ನೆಡಿಸಲಿಲ್ಲ, ಚೆನ್ನಮ್ಮನನ್ನು ಬೈಲಹೊಂಗಲದ ಸೆರೆಯಲ್ಲಿಟ್ಟಿತು. ಕಿತ್ತೂರಿನವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಉದ್ದೇಶ ಅದಕ್ಕಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊತ್ತಲ:

ಶಾಸನದ ಓದುಗರ ಕಾಲನಿರ್ಣಯವನ್ನು ಒಪ್ಪುತ್ತೇನೆ, ಆದರೆ ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ಹೊಗಳಿಕೆ ಸ್ತಂಭಕ್ಕಿಂತ ಹಳೆಯದು. ಒರತೆಯವರು ಹೇಳಿದ ದವಡೆ ಮುರಿದ ಸೈನಿಕನ ಪ್ರಸಂಗವೂ, ನಾನು ಹೇಳಿದ ನಡುರಾತ್ರಿಯ ಪತ್ರದ ಪ್ರಸಂಗವೂ ಜೇಮ್ಸ್ ಬೇಯ್ಲಿ ಫ್ರೇಸರನ ಪ್ರವಾಸ ವೃತ್ತಾಂತದಲ್ಲಿವೆ. ಅದು ಅಚ್ಚಾದದ್ದು 1820ರಲ್ಲಿ, ಬಲಭದ್ರ ಇನ್ನೂ ಬದುಕಿದ್ದಾಗ. ಗೋರ್ಖಾಗಳು ಗಾಯಾಳುಗಳ ಮೇಲೆ, ಹೆಣಗಳ ಮೇಲೆ ಕ್ರೌರ್ಯ ತೋರಲಿಲ್ಲ, ವಿಷದ ಬಾಣ ಬಳಸಲಿಲ್ಲ, ಬಾವಿಗಳಿಗೆ ವಿಷ ಹಾಕಲಿಲ್ಲ ಎಂದು ಅವನು ಬರೆಯುವಾಗ ಅದರಲ್ಲಿ ಸೈನ್ಯಕ್ಕೆ ಆಳು ಸೇರಿಸುವವನ ದನಿ ನನಗೆ ಕೇಳಿಸುವುದಿಲ್ಲ. ಗೌರವ ಮೊದಲೇ ಇತ್ತು. ಆಮೇಲೆ ಅದು ಉಪಯೋಗಕ್ಕೆ ಬಂತು ಎಂದರೆ ಒಪ್ಪುತ್ತೇನೆ.

ಶಾಸನದ ಓದುಗ:

ಆ ತಿದ್ದುಪಡಿ ನ್ಯಾಯವಾದದ್ದು, ಒಪ್ಪಿದೆ. ಆದರೂ ನೀರಿನ ವಿಷಯದಲ್ಲಿ ಬಾವಿಗೆ ವಿಷ ಹಾಕದ ಗೋರ್ಖಾಗಳನ್ನು ಮೆಚ್ಚಿದವರೇ ಸೆಲೆ ಕಟ್ಟಿ ಗೆದ್ದರು ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳೋಣ.

ದಾರಿಹೋಕ:

ಎಲ್ಲರಿಗೂ ಋಣಿ. ನಾನು ಕೆಳಗಿನ ರಸ್ತೆಬದಿಯ ಸ್ತಂಭಗಳನ್ನಷ್ಟೇ ನೋಡಿ ಬಂದಿದ್ದೆ. ಕೋಟೆಯಿದ್ದ ಗುಡ್ಡದ ಮೇಲೆ ಗೋರ್ಖಾ ಸಮುದಾಯದವರು ಪ್ರತಿವರ್ಷ ಖಲಂಗಾ (ಅದೇ ಕೋಟೆಯ ಇನ್ನೊಂದು ಹೆಸರು) ಮೇಳ ನಡೆಸುತ್ತಾರೆಂದೂ, ಅಲ್ಲಿ ಈಚಿನ ಕಾಲದ ಒಂದು ಸ್ಮಾರಕ ಇದೆಯೆಂದೂ ಸ್ಥಳೀಯರೊಬ್ಬರು ಹೇಳಿದ್ದರು. ಸಂಜೆಯಾಗುತ್ತಿದೆ ಎಂದು ಹತ್ತಲಿಲ್ಲ. ಮುಂದಿನ ಸಲ ಹೋದಾಗ ಬೆಳಿಗ್ಗೆಯೇ ಗುಡ್ಡ ಹತ್ತಿ, ನೆತ್ತಿಯಿಂದ ನೀರಿನ ಸೆಲೆಯವರೆಗೆ ಇಳಿದು, ಎಷ್ಟು ಹೆಜ್ಜೆಯಾಗುತ್ತದೆ ಎಂದು ಎಣಿಸಿಕೊಂಡು ಬಂದು ಇಲ್ಲಿ ಬರೆಯುತ್ತೇನೆ.